ಟೆನಿಸ್ ಕ್ಲಬ್ಬಿನ ಬರುವ ವರ್ಷ ಮತ್ತು 1877ರ ವಿಂಬಲ್ಡನ್

ವಿಂಬಲ್ಡನ್ ಎಂದೊಡನೆ ಹಸುರು ಹುಲ್ಲು, ಬಿಳಿಯ ಉಡುಪು, ರಾಜಮನೆತನದವರು ಕುಳಿತ ಗ್ಯಾಲರಿ, ಕೋಟಿಗಟ್ಟಲೆ ಬಹುಮಾನದ ಹಣ ನಮ್ಮ ಕಣ್ಣ ಮುಂದೆ ಬರುತ್ತವೆ. ಆದರೆ ಆ ಪಂದ್ಯಾವಳಿಯ ಮೂಲವನ್ನು ಹುಡುಕುತ್ತ ಹೋದರೆ ನಮಗೆ ಎದುರಾಗುವುದು ಒಂದು ಸಾಧಾರಣ ಕ್ಲಬ್ಬಿನ ಕಾರ್ಯಕಾರಿ ಸಮಿತಿ, ಅದರ ಬಾಡಿಗೆಯ ಚಿಂತೆ ಮತ್ತು ಕೆಟ್ಟು ನಿಂತ ಒಂದು ರೋಲರು.

ಇದನ್ನು ಈಗ ಬರೆಯುವುದಕ್ಕೆ ಕಾರಣವುಂಟು. ನಮ್ಮೂರಿನ ಟೆನಿಸ್ ಕ್ಲಬ್ಬಿನ ವಾರ್ಷಿಕ ಮಹಾಸಭೆ ಸಮೀಪಿಸುತ್ತಿದೆ. ಅದರ ಈಗಿನ ಕಾರ್ಯದರ್ಶಿ ನನ್ನ ಹಳೆಯ ವಿದ್ಯಾರ್ಥಿ. ಬರುವ ವರ್ಷದ ಯೋಜನೆಯ ಕರಡನ್ನು ಮನೆಗೆ ತಂದುಕೊಟ್ಟು, "ಮೇಷ್ಟ್ರೇ, ತಾವೊಮ್ಮೆ ನೋಡಿ ಅಭಿಪ್ರಾಯ ಹೇಳಬೇಕು" ಎಂದು ಕೇಳಿಕೊಂಡಿದ್ದಾನೆ. ಕರಡಿನಲ್ಲಿ ಅನೇಕ ಬಾಬುಗಳಿವೆ. ಊರಿನಲ್ಲಿ ಚರ್ಚೆಗೆ ಗುರಿಯಾಗಿರುವುದು ಒಂದೇ. ಕ್ಲಬ್ಬಿಗಿರುವ ಎರಡು ಮಣ್ಣಿನ ಕೋರ್ಟುಗಳಲ್ಲಿ ಒಂದನ್ನು ಶಟಲ್ ಬ್ಯಾಡ್ಮಿಂಟನ್ನಿಗೆ ಬಿಟ್ಟುಕೊಡಬೇಕೆಂಬ ಸೂಚನೆ ಅದು. ಮೂವತ್ತು ವರ್ಷ ಆ ಕೋರ್ಟಿನಲ್ಲಿ ಆಡಿದವನೆಂಬ ಕಾರಣದಿಂದ ಹಿರಿಯ ಸದಸ್ಯರು ನನ್ನನ್ನು ತಮ್ಮ ಪಕ್ಷದವನೆಂದೇ ಭಾವಿಸಿದ್ದಾರೆ. ಸದಸ್ಯರಲ್ಲಿ ಅನೇಕರು ಈ ಪುಟವನ್ನು ಓದುವ ನನ್ನ ಶಿಷ್ಯರೇ ಆದುದರಿಂದ ನನ್ನ ಮಾತನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಅದಕ್ಕೆ ಮೊದಲು ಸ್ವಲ್ಪ ಇತಿಹಾಸ.

1868ರಲ್ಲಿ ಲಂಡನ್ನಿನ 'ದಿ ಫೀಲ್ಡ್' ಪತ್ರಿಕೆಯ ಕಚೇರಿಯಲ್ಲಿ ಆರು ಜನ ಮಹನೀಯರು ಸೇರಿ 'ಆಲ್ ಇಂಗ್ಲೆಂಡ್ ಕ್ರೋಕೆ ಕ್ಲಬ್' ಸ್ಥಾಪಿಸಿದರು. ಕ್ರೋಕೆ ಎಂದರೆ ಮರದ ಸುತ್ತಿಗೆಯಿಂದ ಚೆಂಡನ್ನು ಹೊಡೆದು, ನೆಲದಲ್ಲಿ ನೆಟ್ಟ ಕಂಬಿಯ ಕಮಾನುಗಳೊಳಗೆ ತೂರಿಸುವ ಆಟ. ಆಗ ಅದಕ್ಕೆ ಬಹಳ ಬೇಡಿಕೆಯಿತ್ತು. ಮರುವರ್ಷ ಅವರು ವಿಂಬಲ್ಡನ್ನಿನ ವರ್ಪಲ್ ರಸ್ತೆಗೂ ರೈಲುಹಾದಿಗೂ ನಡುವೆ ನಾಲ್ಕು ಎಕರೆ ಹುಲ್ಲುಗಾವಲನ್ನು ಗುತ್ತಿಗೆಗೆ ಪಡೆದರು. ಬಾಡಿಗೆ ಮೊದಲನೆಯ ವರ್ಷ 50 ಪೌಂಡು, ಎರಡನೆಯ ವರ್ಷ 75, ಮೂರನೆಯ ವರ್ಷ 100. ಹೀಗೆ ಬಾಡಿಗೆ ಮೆಟ್ಟಿಲೇರುತ್ತಿರುವಾಗ ಕ್ರೋಕೆಯ ಮೇಲಿನ ಜನರ ಮೋಹ ಮೆಟ್ಟಿಲಿಳಿಯತೊಡಗಿತು.

ಇತ್ತ 1874ರಲ್ಲಿ ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ ಎಂಬಾತ ಹುಲ್ಲಿನ ಮೇಲೆ ಆಡುವ ಹೊಸ ಟೆನಿಸ್ಸಿಗೆ ಪೇಟೆಂಟ್ ಪಡೆದು, ಸಲಕರಣೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಲಾರಂಭಿಸಿದ್ದ. ಅವನ ಕೋರ್ಟು ಮರಳುಗಡಿಯಾರದಂತೆ ನಡುವಿನಲ್ಲಿ ಸಣ್ಣದಾಗಿ ಎರಡು ತುದಿಗಳಲ್ಲಿ ಅಗಲವಾಗಿತ್ತು. 1875ರಲ್ಲಿ ಕ್ರೋಕೆ ಕ್ಲಬ್ಬಿನ ಸದಸ್ಯ ಹೆನ್ರಿ ಜೋನ್ಸ್, ನಮ್ಮ ಹುಲ್ಲುಹಾಸುಗಳಲ್ಲಿ ಒಂದನ್ನು ಈ ಹೊಸ ಆಟಕ್ಕೆ ಬಿಡೋಣವೆಂದು ಸೂಚಿಸಿದ. ಇವನು ವೃತ್ತಿಯಿಂದ ವೈದ್ಯ. 'ಕ್ಯಾವೆಂಡಿಷ್' ಎಂಬ ಹೆಸರಿನಲ್ಲಿ ಇಸ್ಪೀಟಿನ ವಿಸ್ಟ್ ಆಟದ ಬಗೆಗೆ ಬರೆದು ಪ್ರಖ್ಯಾತನಾದವನು. ಸಮಿತಿ ಒಪ್ಪಿ 25 ಪೌಂಡು ಖರ್ಚು ಮಾಡಿ ಒಂದು ಹುಲ್ಲುಹಾಸನ್ನು ಮಾತ್ರ ಟೆನಿಸ್ಸಿಗೆ ಅಣಿಮಾಡಿತು. ಮರುವರ್ಷ ಇನ್ನೂ ನಾಲ್ಕು ಹುಲ್ಲುಹಾಸುಗಳು ಟೆನಿಸ್ಸಿನ ಪಾಲಾದವು. 1877ರ ಏಪ್ರಿಲ್‌ನಲ್ಲಿ ಕ್ಲಬ್ಬಿನ ಹೆಸರು 'ಆಲ್ ಇಂಗ್ಲೆಂಡ್ ಕ್ರೋಕೆ ಅಂಡ್ ಲಾನ್ ಟೆನಿಸ್ ಕ್ಲಬ್' ಎಂದಾಯಿತು.

ಅದೇ ವರ್ಷ ಜೂನ್ 2ರಂದು ನಡೆದ ಸಮಿತಿಯ ಸಭೆಯಲ್ಲಿ, 'ದಿ ಫೀಲ್ಡ್' ಸಂಪಾದಕ ಜಾನ್ ವಾಲ್ಷ್, ಎಲ್ಲ ಹವ್ಯಾಸಿಗಳಿಗೂ ತೆರೆದ ಟೆನಿಸ್ ಪಂದ್ಯಾವಳಿಯೊಂದನ್ನು ಜುಲೈನಲ್ಲಿ ನಡೆಸಬೇಕೆಂದು ಸೂಚಿಸಿದ. ಹುಲ್ಲನ್ನು ಸಮ ಮಾಡಲು ಕುದುರೆಮರಿಯಿಂದ ಎಳೆಸುತ್ತಿದ್ದ ರೋಲರಿನ ದುರಸ್ತಿಗೆ ಹಣ ಬೇಕಾಗಿತ್ತೆಂಬುದು ಇದರ ಹಿಂದಿನ ಪ್ರಸಿದ್ಧ ಕಥೆ. ಮಂಗಳಕಾರ್ಯಕ್ಕೆ ಒಂದು ನೆಪ ಬೇಕು, ನಿಜ. ಆದರೆ ನನಗೆ ತೋರುವಂತೆ ರೋಲರಿಗಿಂತ ದೊಡ್ಡ ಚಿಂತೆ ಮುಂದಿನ ವರ್ಷದ ಬಾಡಿಗೆಯದು. ಜೂನ್ 9ರ ಪತ್ರಿಕೆಯಲ್ಲಿ ಪ್ರಕಟಣೆ ಬಂತು. ಪ್ರವೇಶ ಶುಲ್ಕ ಒಂದು ಪೌಂಡು ಒಂದು ಶಿಲಿಂಗು. ರ‍್ಯಾಕೆಟ್ ಆಟಗಾರನೇ ತರಬೇಕು, ಚೆಂಡು ಕ್ಲಬ್ಬಿನದು, ಹಿಮ್ಮಡಿಯಿಲ್ಲದ ಬೂಟು ಕಡ್ಡಾಯ. ಈ ಕೊನೆಯ ನಿಯಮವನ್ನು ಓದಿದಾಗ ಎಲ್ಲ ಊರುಗಳ ಕ್ಲಬ್ ಕಾರ್ಯದರ್ಶಿಗಳೂ ಒಂದೇ ಜಾತಿಯವರೆಂದು ನಗು ಬಂತು. ಅವರಿಗೆ ಆಟಗಾರನಿಗಿಂತ ನೆಲದ ಮೇಲೆಯೇ ಹೆಚ್ಚು ಪ್ರೀತಿ.

ನಿರ್ಣಯಕ್ಕೂ ಮೊದಲ ಪಂದ್ಯಕ್ಕೂ ನಡುವೆ ಇದ್ದುದು ಕೇವಲ ಐದು ವಾರ. ಅಷ್ಟರೊಳಗೆ ನಿಯಮಗಳನ್ನೂ ಹೊಸದಾಗಿ ರಚಿಸಬೇಕಾಯಿತು. ಜೋನ್ಸ್, ಜೂಲಿಯನ್ ಮಾರ್ಷಲ್, ಸಿ. ಜಿ. ಹೀತ್‌ಕೋಟ್ ಎಂಬ ಮೂವರು ಕುಳಿತು ಮರಳುಗಡಿಯಾರದ ಆಕಾರವನ್ನು ಕೈಬಿಟ್ಟರು; 78 ಅಡಿ ಉದ್ದ, 27 ಅಡಿ ಅಗಲದ ಆಯತವನ್ನು ನಿಗದಿಪಡಿಸಿದರು. 15, 30, 40 ಎಂಬ ಹಳೆಯ ಎಣಿಕೆಯನ್ನು ತಂದರು. ಸರ್ವಿಸಿನಲ್ಲಿ ಒಂದು ತಪ್ಪಿಗೆ ಕ್ಷಮೆ ಎಂದರು. ಸಿಂಗಲ್ಸ್ ಕೋರ್ಟಿನ ಅಳತೆ ಇಂದಿಗೂ ಅದೇ. ನಮ್ಮ ಮಾರ್ಕರ್ ಸುಣ್ಣದ ಡಬ್ಬಿ ಹಿಡಿದು ಗೆರೆ ಎಳೆಯುವಾಗ ಅಳೆಯುವುದು ಆ ಮೂವರು ಐದು ವಾರದ ಅವಸರದಲ್ಲಿ ಗೊತ್ತುಪಡಿಸಿದ ಅಡಿಗಳನ್ನೇ.

ಜುಲೈ 9ರಂದು ಪಂದ್ಯಾವಳಿ ಮೊದಲಾಯಿತು. ಹೆಸರು ಕೊಟ್ಟವರು 22 ಜನ. ಆ ವಾರದ ಶುಕ್ರವಾರ, ಶನಿವಾರ ಆಟಕ್ಕೆ ಬಿಡುವು. ಏಕೆಂದರೆ ಲಾರ್ಡ್ಸ್ ಮೈದಾನದಲ್ಲಿ ಈಟನ್ ಮತ್ತು ಹ್ಯಾರೋ ಶಾಲೆಗಳ ಕ್ರಿಕೆಟ್ ಪಂದ್ಯವಿತ್ತು. ಸಂತೆಯ ದಿನ ಹರಿಕಥೆ ಇಟ್ಟುಕೊಂಡರೆ ಕೇಳಲು ಯಾರು ಬರುತ್ತಾರೆಂಬ ವ್ಯವಹಾರಜ್ಞಾನ ಸಮಿತಿಗೆ ಇತ್ತು. ಅಂತಿಮ ಪಂದ್ಯ ಮಳೆಯಿಂದ ಮುಂದೆ ಹೋಗಿ ಜುಲೈ 19ರಂದು ನಡೆಯಿತು. ತಲೆಗೆ ಒಂದು ಶಿಲಿಂಗು ಕೊಟ್ಟು ನೋಡಿದವರು ಸುಮಾರು 200 ಜನ. ಸ್ಪೆನ್ಸರ್ ಗೋರ್, ವಿಲಿಯಂ ಮಾರ್ಷಲ್‌ನನ್ನು 6-1, 6-2, 6-4ರಿಂದ 48 ನಿಮಿಷಗಳಲ್ಲಿ ಸೋಲಿಸಿ 12 ಗಿನಿ ಬಹುಮಾನವನ್ನೂ, 'ದಿ ಫೀಲ್ಡ್' ನೀಡಿದ 25 ಗಿನಿ ಬೆಲೆಯ ಬೆಳ್ಳಿಯ ಬಟ್ಟಲನ್ನೂ ಪಡೆದ. ನಿಯಮ ರಚಿಸಿದ ಹೀತ್‌ಕೋಟ್ ತಾನೂ ಆಡಿ ಗೋರ್‌ಗೆ ಸೋತಿದ್ದ. ಎಲ್ಲ ಖರ್ಚು ಕಳೆದು ಕ್ಲಬ್ಬಿಗೆ ಉಳಿದ ಲಾಭ 10 ಪೌಂಡು. ಗೆದ್ದ ಗೋರ್ ಮಹಾಶಯನೇ ಮುಂದೆ 1890ರಲ್ಲಿ, ಕ್ರಿಕೆಟ್ ಬಲ್ಲವರು ಈ ಆಟಕ್ಕೆ ಮನಸ್ಸು ಕೊಟ್ಟಾರೆಂಬುದು ಸಂದೇಹ ಎಂಬ ಅರ್ಥದಲ್ಲಿ ಬರೆದ!

ಗಣಿತದ ಮೇಷ್ಟರಾದವರಿಗೆ 22 ಎಂಬ ಸಂಖ್ಯೆಯನ್ನು ಸುಮ್ಮನೆ ಬಿಟ್ಟು ಮುಂದೆ ಹೋಗಲು ಮನಸ್ಸು ಬಾರದು. 22 ಅರ್ಧವಾಗಿ 11 ಆಗುತ್ತದೆ. ಹನ್ನೊಂದರಲ್ಲಿ ಒಬ್ಬ ಆಡದೆಯೇ ಮುಂದಿನ ಸುತ್ತಿಗೆ ಹೋಗಿ 6 ಉಳಿಯುತ್ತಾರೆ, ಆಮೇಲೆ 3. ಮೂವರಲ್ಲಿ ಇಬ್ಬರು ಆಡಬೇಕು, ಒಬ್ಬನಿಗೆ ಪುಕ್ಕಟೆ ಫೈನಲ್ಲು! ಆ ಅದೃಷ್ಟವಂತ ವಿಲಿಯಂ ಮಾರ್ಷಲ್. ಇದು ಅನ್ಯಾಯವೆಂದು ಸಮಿತಿಗೂ ಅನ್ನಿಸಿರಬೇಕು; ಎರಡನೆಯ ಬಹುಮಾನಕ್ಕಾಗಿ ಮಾರ್ಷಲ್ ಮತ್ತು ಹೀತ್‌ಕೋಟ್ ಪ್ರತ್ಯೇಕವಾಗಿ ಆಡಬೇಕಾಯಿತು. ಈ ತೊಡಕಿಗೆ ಪರಿಹಾರವಾಗಿ 1885ರಲ್ಲಿ ಬ್ಯಾಗ್ನಲ್-ವೈಲ್ಡ್ ಎಂಬುವನ ಪದ್ಧತಿ ಬಂತು. ಆಡದೆ ಮುಂದೆ ಹೋಗುವವರೆಲ್ಲ ಮೊದಲ ಸುತ್ತಿನಲ್ಲಿಯೇ ಮುಗಿಯಬೇಕು. 22 ಜನರಿದ್ದರೆ 32ಕ್ಕೆ ಕಡಿಮೆಯಾದ 10 ಜನರಿಗೆ ಮೊದಲ ಸುತ್ತಿನಲ್ಲಿ ಬಿಡುವು. ಉಳಿದ 12 ಜನ ಆಡಿ 6 ಜನ ಗೆಲ್ಲುತ್ತಾರೆ. ಹತ್ತೂ ಆರೂ ಸೇರಿ 16. ಅಲ್ಲಿಂದಾಚೆಗೆ ತಕರಾರೇ ಇಲ್ಲ.

ಈ ನಡುವೆ, 1883ರಲ್ಲಿ, ಆಕ್ಸ್‌ಫರ್ಡಿನಲ್ಲಿ ಬಹುಕಾಲ ಗಣಿತ ಕಲಿಸಿದ್ದ ಚಾರ್ಲ್ಸ್ ಡಾಡ್ಜ್‌ಸನ್ ಟೆನಿಸ್ ಪಂದ್ಯಾವಳಿಗಳ ಬಹುಮಾನದ ಬಗ್ಗೆ ಒಂದು ಕಿರುಹೊತ್ತಗೆ ಬರೆದ. ಲೂಯಿಸ್ ಕ್ಯಾರಲ್ ಎಂಬ ಹೆಸರಿನಿಂದ ಆಲಿಸ್‌ಳ ಕಥೆ ಬರೆದವನು ಇವನೇ. ಅವನ ವಾದ ಸರಳ. 32 ಜನರಲ್ಲಿ ಎರಡನೆಯ ಶ್ರೇಷ್ಠ ಆಟಗಾರನು ಶ್ರೇಷ್ಠನಿರುವ ಅರ್ಧಭಾಗದಲ್ಲಿಯೇ ಬಿದ್ದರೆ ಫೈನಲ್ ತಲುಪಲಾರ. ಶ್ರೇಷ್ಠನ ಸ್ಥಾನ ಕಳೆದು ಉಳಿದ 31 ಸ್ಥಾನಗಳಲ್ಲಿ 16 ಮಾತ್ರ ಇನ್ನೊಂದು ಅರ್ಧದಲ್ಲಿವೆ. ಆದ್ದರಿಂದ ಅವನಿಗೆ ಎರಡನೆಯ ಬಹುಮಾನ ದೊರೆಯುವ ಸಂಭವ 31ರಲ್ಲಿ 16, ಅಂದರೆ ಅರ್ಧಕ್ಕಿಂತ ಕೂದಲೆಳೆಯಷ್ಟು ಹೆಚ್ಚು! ಹತ್ತನೆಯ ತರಗತಿಯಲ್ಲಿ ಸಂಭವನೀಯತೆಯ ಪಾಠ ಮಾಡುವಾಗ ನಾನು ಈ ಲೆಕ್ಕವನ್ನು ಹಾಕಿಸುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು.

ಇನ್ನು ನಮ್ಮ ಕರಡಿಗೆ ಬರೋಣ. ಅದರ ಮುಖ್ಯ ದೋಷ ಶಟಲ್ ಅಲ್ಲ, ಪಂಚಾಂಗ. ನಮ್ಮ ಕ್ಲಬ್ಬಿನ ಲೆಕ್ಕದ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗುತ್ತದೆ. ಚಂದಾ ಆಗ ವಸೂಲಾಗುತ್ತದೆ. ಏಪ್ರಿಲ್, ಮೇ ತಿಂಗಳ ಮಕ್ಕಳ ಬೇಸಿಗೆ ಶಿಬಿರಕ್ಕೆ ಚೆಂಡು, ತರಬೇತುದಾರರ ಗೌರವಧನ ಎಂದು ಖರ್ಚಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್ ಮುಗಿಯುವವರೆಗೆ ಮಣ್ಣಿನ ಕೋರ್ಟಿನಲ್ಲಿ ಆಟವಿಲ್ಲ. ಆಟವಿಲ್ಲದ ತಿಂಗಳಿಗೆ ಚಂದಾ ಏಕೆಂದು ಅನೇಕರು ನಿಲ್ಲಿಸುತ್ತಾರೆ. ಅಕ್ಟೋಬರ್‌ನಲ್ಲಿ ನಿಜವಾದ ಕೆಲಸ ಬರುತ್ತದೆ. ಕಳೆ ಕಿತ್ತು, ಕೊಚ್ಚಿಹೋದ ಕಡೆ ಕೆಮ್ಮಣ್ಣು ತುಂಬಿ, ನೀರು ಚಿಮುಕಿಸಿ, ದಿನಗಟ್ಟಲೆ ರೋಲರ್ ಎಳೆದು, ಸಗಣಿ ಸಾರಿಸಿ ಗೆರೆ ಹಾಕಬೇಕು. ಆ ಹೊತ್ತಿಗೆ ಪೆಟ್ಟಿಗೆ ಬರಿದು! ಹೀಗಾಗಿ ದಸರೆಯ ಹೊತ್ತಿಗೆ ಸಿದ್ಧವಾಗಬೇಕಾದ ಕೋರ್ಟು ಡಿಸೆಂಬರಿಗೆ ಸಿದ್ಧವಾಗುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಒಳ್ಳೆಯ ಆಟದ ಕಾಲದಲ್ಲಿ ಒಂದು ತಿಂಗಳು ವ್ಯರ್ಥ. ಮಾರ್ಚ್ ಬಂದರೆ ಪರೀಕ್ಷೆ, ಮಕ್ಕಳು ಕಾಣಿಸುವುದಿಲ್ಲ. ಲೆಕ್ಕಪರಿಶೋಧಕರ ವರ್ಷ ಏಪ್ರಿಲಿನಿಂದಲೇ ಇರಲಿ. ಆದರೆ ಯೋಜನೆಯ ವರ್ಷವನ್ನು ಅಕ್ಟೋಬರಿನಿಂದ ಎಣಿಸಿ, ವರ್ಷದ ಚಂದಾದಲ್ಲಿ ಅರ್ಧವನ್ನು ಸೆಪ್ಟೆಂಬರ್ ಕೊನೆಗೆ ವಸೂಲು ಮಾಡಿ ಮಣ್ಣಿಗೆಂದೇ ತೆಗೆದಿಡಬೇಕು. ಮಣ್ಣಿನ ಹಣದಲ್ಲಿ ಕುರ್ಚಿ, ದೀಪ, ವಾರ್ಷಿಕೋತ್ಸವದ ಶಾಲು ಕೊಳ್ಳಕೂಡದು.

ಎರಡನೆಯದು ಶಟಲ್. ಹಿರಿಯ ಮಿತ್ರರು ಕೋಪಿಸಿಕೊಳ್ಳಬಾರದು. ಒಂದು ಕೋರ್ಟನ್ನು ಬಿಟ್ಟುಕೊಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಕಳೆದ ವರ್ಷದ ಹಾಜರಿ ಪುಸ್ತಕವನ್ನು ಕಾರ್ಯದರ್ಶಿ ತೋರಿಸಿದ. ಎರಡೂ ಕೋರ್ಟುಗಳು ಏಕಕಾಲದಲ್ಲಿ ತುಂಬಿದ ಸಂಜೆಗಳು ಬೆರಳೆಣಿಕೆಯಷ್ಟು. ವಿಂಬಲ್ಡನ್ನಿನಲ್ಲಿ ಟೆನಿಸ್ಸಿಗೆ ನೆಲ ಸಿಕ್ಕಿದ್ದು ಕ್ರೋಕೆಯವರು ತಮ್ಮ ಹುಲ್ಲನ್ನು ಬಿಟ್ಟುಕೊಟ್ಟುದರಿಂದ. ನಾವು ಅವರ ಔದಾರ್ಯದ ಫಲವನ್ನುಣ್ಣುತ್ತ ನಮ್ಮ ಸರದಿ ಬಂದಾಗ ಬೇಲಿ ಹಾಕುವುದು ಚೆನ್ನಲ್ಲ. ಆದರೆ ಅವರು ಬಿಟ್ಟ ಕ್ರಮವನ್ನೂ ಗಮನಿಸಬೇಕು. ಮೊದಲು ಒಂದೇ ಹುಲ್ಲುಹಾಸು, ಗೊತ್ತುಮಾಡಿದ ಖರ್ಚು. ಫಲ ನೋಡಿ ಮುಂದಿನದು. ಆದುದರಿಂದ ನಮ್ಮ ನಿರ್ಣಯವೂ ಒಂದು ವರ್ಷಕ್ಕೆ ಮಾತ್ರ ಇರಲಿ. ನೆಲಕ್ಕೆ ಕಾಂಕ್ರೀಟ್ ಹಾಕುವ ಮಾತು ಈಗ ಬೇಡ. ಹಾಕಿದ ಮೇಲೆ ಅದನ್ನು ಕೀಳುವವರು ಯಾರೂ ಇಲ್ಲ. ಉಳಿಯುವ ಕೋರ್ಟಿನಲ್ಲಿ ಸಂಜೆ ನಾಲ್ಕೂವರೆಯಿಂದ ಆರರವರೆಗೆ ಮಕ್ಕಳ ಸಮಯ, ಅದನ್ನು ಯಾವ ಅಧಿಕಾರಿಯ ಆಟಕ್ಕೂ ಕಸಿದುಕೊಳ್ಳಬಾರದೆಂದು ನಿರ್ಣಯದಲ್ಲಿಯೇ ಬರೆದಿಡಬೇಕು. ಈ ಷರತ್ತು ಇಲ್ಲದಿದ್ದರೆ ನನ್ನ ಮತ ವಿರೋಧಕ್ಕೆ.

ಕ್ರೋಕೆಯವರ ಗತಿ ಏನಾಯಿತೆಂದು ಕೇಳುವವರಿಗೆ ಒಂದು ಮಾತು. 1882ರಲ್ಲಿ ಕ್ಲಬ್ಬಿನ ಹೆಸರಿನಿಂದ ಕ್ರೋಕೆ ಎಂಬ ಪದವನ್ನೇ ತೆಗೆದುಹಾಕಿದರು. 1899ರಲ್ಲಿ ಮತ್ತೆ ಸೇರಿಸಿದರು, ಆದರೆ ಈ ಸಲ ಟೆನಿಸ್ಸಿನ ಹಿಂದೆ. 1922ರಲ್ಲಿ ಚರ್ಚ್ ರಸ್ತೆಯ ಈಗಿನ ವಿಶಾಲ ಜಾಗಕ್ಕೆ ಹೋದ ಮೇಲೂ ಅದು 'ಆಲ್ ಇಂಗ್ಲೆಂಡ್ ಲಾನ್ ಟೆನಿಸ್ ಅಂಡ್ ಕ್ರೋಕೆ ಕ್ಲಬ್' ಆಗಿಯೇ ಇದೆ.

ಜನವರಿಯ ಪಂದ್ಯಾವಳಿಗೆ ಎಷ್ಟೇ ಹೆಸರು ಬರಲಿ, ಡ್ರಾ ಹಾಕಿಕೊಡುವ ಕೆಲಸ ನನಗಿರಲಿ. ಬಿಡುವುಗಳನ್ನು ಮೊದಲ ಸುತ್ತಿನಲ್ಲಿಯೇ ಮುಗಿಸಿಕೊಡುತ್ತೇನೆ. ಮಹಾಸಭೆ ಬರುವ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ. ಸದಸ್ಯರಾಗಿರುವ ಶಿಷ್ಯರು ಅದಕ್ಕೆ ಮುಂಚೆ ಚಂದಾ ಬಾಕಿ ತೀರಿಸಿ ಬನ್ನಿ. ಬಾಕಿ ಉಳಿಸಿಕೊಂಡವರಿಗೆ ನಿಬಂಧನೆಯಂತೆ ಮತವಿಲ್ಲ.