ಅಂಟುವಾಳದ ಕಾಯಿ ಮತ್ತು ಗಂಧದ ಸೋಪು

ಕಳೆದ ಚಳಿಗಾಲದಲ್ಲಿ ಇಲ್ಲಿ ಜರ್ಮನಿಯ ನಮ್ಮ ಊರಿನ ಸಾವಯವ ಅಂಗಡಿಯೊಂದರಲ್ಲಿ ಅಮ್ಮ ಇದ್ದಕ್ಕಿದ್ದಂತೆ ಜೋರಾಗಿ ನಕ್ಕುಬಿಟ್ಟರು. ಅವರ ಕೈಯಲ್ಲಿ ಒಂದು ಪುಟ್ಟ ಬಟ್ಟೆಯ ಚೀಲ ಇತ್ತು. ಅದರ ಮೇಲೆ ‘ವಾಶ್‌ನ್ಯೂಸೆ’, ಅಂದರೆ ಬಟ್ಟೆ ಒಗೆಯುವ ಕಾಯಿ ಎಂದು ಬರೆದಿತ್ತು. “ಇದು ನಮ್ಮ ಅಂಟುವಾಳ ಕಣೇ! ಅರಸೀಕೆರೆಯಲ್ಲಿ ಮರದ ಕೆಳಗೆ ಸುಮ್ಮನೆ ಬಿದ್ದಿರ್ತಿತ್ತು. ಇಲ್ಲಿ ದುಡ್ಡು ಕೊಟ್ಟು ತಗೋಬೇಕು ನೋಡು” ಅಂದರು. ನಗುತ್ತಲೇ ಅದನ್ನು ಕೊಂಡರು ಕೂಡ.

ಪದವಿ ಸಂಚಿಕೆಗೆ ಇತಿಹಾಸದ ಬಗ್ಗೆ ಬರೆಯಬೇಕೆಂದು ನಮ್ಮ ಮೇಡಂ ಹೇಳಿದಾಗ ನನಗೆ ಆ ಚೀಲ ನೆನಪಾಯಿತು. ನಮ್ಮ ಪೂರ್ವಿಕರು ರಾಸಾಯನಿಕಗಳಿಲ್ಲದೆ ಎಷ್ಟು ಚೆನ್ನಾಗಿ ಬದುಕುತ್ತಿದ್ದರು ಎಂದು ಬರೆಯೋಣ ಅಂದುಕೊಂಡು ಅಜ್ಜಿಗೆ ವಿಡಿಯೊ ಕಾಲ್ ಮಾಡಿದೆ. ಕೊನೆಗೆ ಆ ಲೇಖನವನ್ನು ನಾನು ಬರೆಯಲಿಲ್ಲ. ಕಾರಣ ಅಜ್ಜಿಯೇ.

ಮೊದಲು ಅಜ್ಜಿ ಹೇಳಿದ ವಸ್ತುಗಳನ್ನು ಹೇಳುತ್ತೇನೆ. ರೇಷ್ಮೆ ಸೀರೆಗೂ ಚಿನ್ನದ ಒಡವೆಗೂ ಅಂಟುವಾಳದ ನೊರೆ. ಎಣ್ಣೆ ಸ್ನಾನದ ದಿನ ತಲೆಗೆ ಸೀಗೆಪುಡಿ, ಜೊತೆಗೆ ಸ್ವಲ್ಪ ಚಿಗರೆಪುಡಿ. ಮಸಿ ಹಿಡಿದ ಪಾತ್ರೆಗೆ ಒಲೆಯ ಬೂದಿ ಮತ್ತು ತೆಂಗಿನ ನಾರು. ಹಿತ್ತಾಳೆ, ತಾಮ್ರಕ್ಕೆ ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಚರಟ. ಅಡುಗೆಮನೆಯಲ್ಲಿ ಉಳಿದದ್ದೇ ಬಚ್ಚಲಮನೆಗೆ ಹೋಗುತ್ತಿತ್ತು. ಪಾತ್ರೆ ತೊಳೆಯುವುದಕ್ಕೆಂದು ಬೇರೆ ಸಾಮಾನು ತರುವ ಅಭ್ಯಾಸವೇ ಇರಲಿಲ್ಲವಂತೆ.

ಇದೆಲ್ಲ ಕೆಲಸ ಮಾಡುವುದು ಹೇಗೆ ಎಂದು ನಾನು ಓದಿ ತಿಳಿದುಕೊಂಡೆ. ಅಂಟುವಾಳ, ಸೀಗೆ ಎರಡರಲ್ಲೂ ಸಪೋನಿನ್ ಎಂಬ ನೊರೆ ಬರುವ ವಸ್ತು ಇದೆ. ಅಂಟುವಾಳದ ವೈಜ್ಞಾನಿಕ ಹೆಸರು ಸಪಿಂಡಸ್. ‘ಭಾರತದ ಸೋಪು’ ಎಂಬ ಅರ್ಥದ ಲ್ಯಾಟಿನ್ ಪದಗಳಿಂದ ಆ ಹೆಸರು ಬಂದಿದೆ. ಬೂದಿಯಲ್ಲಿ ಕ್ಷಾರ ಇರುತ್ತದೆ. ಅದು ಪಾತ್ರೆಯ ಜಿಡ್ಡಿನೊಂದಿಗೆ ಸೇರಿ ಅಲ್ಲೇ ಸ್ವಲ್ಪ ಸೋಪಾಗುತ್ತದೆ. ಹುಣಸೆಹಣ್ಣಿನ ಹುಳಿ ಲೋಹದ ಮೇಲಿನ ಕಿಲುಬನ್ನು ಕರಗಿಸುತ್ತದೆ. ಇನ್ನು ಊರಿನ ಬಟ್ಟೆ ಒಗೆಯುವ ಮಡಿವಾಳರು ಚೌಳು ಮಣ್ಣನ್ನು ಬಳಸುತ್ತಿದ್ದರು. ಅದರಲ್ಲೂ ಇರುವುದು ಕ್ಷಾರವೇ. ಆ ಕಸುಬು ಎಷ್ಟು ಹಳೆಯದು ಎನ್ನುವುದಕ್ಕೆ 12ನೇ ಶತಮಾನದ ಶರಣ ಮಡಿವಾಳ ಮಾಚಿದೇವರ ಹೆಸರೇ ಸಾಕು.

ಓದುತ್ತಾ ಹೋದಾಗ ನನಗೆ ಎಲ್ಲಕ್ಕಿಂತ ಆಶ್ಚರ್ಯ ತಂದದ್ದು ಒಂದು ಯುದ್ಧ. ನಾನು ಹುಟ್ಟಿದ ದೇಶಕ್ಕೂ ಅಜ್ಜಿಯ ಊರಿಗೂ ಇಂಥ ಸಂಬಂಧ ಇದೆ ಎಂದು ನನಗೆ ಗೊತ್ತೇ ಇರಲಿಲ್ಲ.

ಮೈಸೂರು ಸಂಸ್ಥಾನದಲ್ಲಿ ಗಂಧದ ಮರ ಸರ್ಕಾರದ ಸ್ವತ್ತಾಗಿತ್ತು. ಮರವನ್ನು ಹರಾಜು ಹಾಕುತ್ತಿದ್ದರು. ಅದರಲ್ಲಿ ಹೆಚ್ಚಿನ ಪಾಲು ಯೂರೋಪಿಗೆ, ಮುಖ್ಯವಾಗಿ ಜರ್ಮನಿಗೆ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದದ್ದು ಇಲ್ಲಿ. 1914ರಲ್ಲಿ ಮೊದಲನೆಯ ಮಹಾಯುದ್ಧ ಶುರುವಾದಾಗ ವ್ಯಾಪಾರ ನಿಂತುಹೋಯಿತು. ಮೈಸೂರಿನಲ್ಲಿ ಗಂಧದ ಮರ ರಾಶಿ ಬಿತ್ತು. ಆಗ ನಾಲ್ವಡಿ ಕೃಷ್ಣರಾಜ ಒಡೆಯರು ಮಹಾರಾಜರು, ವಿಶ್ವೇಶ್ವರಯ್ಯನವರು ದಿವಾನರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಣ್ಣೆ ತೆಗೆಯುವ ಪ್ರಯೋಗಗಳು ನಡೆದವು. 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಶುರುವಾಯಿತು. ಸರ್ಕಾರಿ ಸೋಪು ಕಾರ್ಖಾನೆಯೂ ಹುಟ್ಟಿತು. ಎಸ್. ಜಿ. ಶಾಸ್ತ್ರಿಯವರು ಇಂಗ್ಲೆಂಡಿನಲ್ಲಿ ಸೋಪಿನ ತಂತ್ರ ಕಲಿತು ಬಂದರು. ಹೀಗೆ ಬಂದದ್ದು ಮೈಸೂರು ಸ್ಯಾಂಡಲ್ ಸೋಪು. ಆನೆಯ ತಲೆ, ಸಿಂಹದ ಮೈ ಇರುವ ಶರಭ ಇಂದಿಗೂ ಅದರ ಗುರುತು. ಇಂಡಿಯಾದಿಂದ ಬರುವಾಗ ನಮ್ಮೆಲ್ಲರ ಸೂಟ್‌ಕೇಸಿನಲ್ಲೂ ಬಟ್ಟೆಗಳ ಮಧ್ಯೆ ಇದು ಇರುತ್ತದೆ ಅಲ್ಲವೇ?

ಅದೇ ಯುದ್ಧದಲ್ಲಿ ಜರ್ಮನಿಗೆ ಉಲ್ಟಾ ಕಷ್ಟ. ಸೋಪು ಮಾಡಲು ಎಣ್ಣೆ, ಕೊಬ್ಬು ಸಿಗಲಿಲ್ಲ. ಹಾಗಾಗಿ ಇಲ್ಲಿನ ರಸಾಯನಶಾಸ್ತ್ರಜ್ಞರು ಕೊಬ್ಬಿಲ್ಲದೆ ಕೊಳೆ ತೆಗೆಯುವ ವಸ್ತುಗಳನ್ನು ಹುಡುಕಿದರು. ಆ ದಾರಿಯಲ್ಲಿ ಮುಂದೆ 1932ರಲ್ಲಿ ‘ಫೇವಾ’ ಎಂಬ ಡಿಟರ್ಜೆಂಟ್ ಪುಡಿ ಮನೆಗಳಿಗೆ ಬಂತು. ಭಾರತದಲ್ಲಿ 1959ರಲ್ಲಿ ಸರ್ಫ್ ಬಂತು, 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಕಡಿಮೆ ಬೆಲೆಯ ನಿರ್ಮಾ ಶುರುಮಾಡಿದರು. ಅಜ್ಜಿಯ ಬಚ್ಚಲಮನೆಯಿಂದ ಅಂಟುವಾಳವನ್ನು ಹೊರಗೆ ಕಳಿಸಿದ್ದು ಗಂಧದ ಸೋಪಲ್ಲ, ಈ ಅಗ್ಗದ ಪುಡಿ.

“ಅಂಟುವಾಳ ಬಿಟ್ಟಿದ್ದಕ್ಕೆ ಬೇಜಾರಾಗಲಿಲ್ವಾ ಅಜ್ಜಿ?” ಎಂದು ಕೇಳಿದೆ. ನನ್ನ ಲೇಖನಕ್ಕೆ ಚೆನ್ನಾದ ಉತ್ತರ ಸಿಗುತ್ತದೆ ಅಂದುಕೊಂಡಿದ್ದೆ.

“ಬೇಜಾರಾ? ಹಬ್ಬ ಬಂದಂಗಾಯ್ತು ಪುಟ್ಟಿ” ಅಂದರು ಅಜ್ಜಿ.

ಆಮೇಲೆ ನಿಧಾನವಾಗಿ ಹೇಳಿದರು. ಹತ್ತು ವರ್ಷದವರಿದ್ದಾಗಿನಿಂದ ಸೀಗೆಕಾಯಿ ಕುಟ್ಟುವುದು ಅವರ ಕೆಲಸ. ಬಿಸಿಲಿನಲ್ಲಿ ಒಣಗಿಸಿ, ಒರಳಿಗೆ ಹಾಕಿ, ಒನಕೆಯಲ್ಲಿ ಕುಟ್ಟಿ, ಜರಡಿ ಹಿಡಿಯಬೇಕು. ಅದರ ಘಾಟಿಗೆ ಸೀನು ನಿಲ್ಲುತ್ತಿರಲಿಲ್ಲ, ಕಣ್ಣಿಗೆ ಬಿದ್ದರಂತೂ ಉರಿ. ದೀಪಾವಳಿಗೆ ಹದಿನಾಲ್ಕು ಜನರ ತಲೆಗೆ ಆಗುವಷ್ಟು ಪುಡಿ ಬೇಕಿತ್ತು. ಅಣ್ಣಂದಿರು ಶಾಲೆಗೆ ಹೋದ ಮೇಲೆ ರಾತ್ರಿಯ ಪಾತ್ರೆಗಳನ್ನು ಬೂದಿಯಲ್ಲಿ ಉಜ್ಜಿ ಮುಗಿಸಿ ಅಜ್ಜಿ ಹೋಗುತ್ತಿದ್ದರು. ತಡವಾಯಿತೆಂದು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಏಳನೇ ಕ್ಲಾಸಿಗೆ ಓದು ನಿಂತಿತು. ಮನೆಯಲ್ಲಿ ಒಂದೇ ಒಂದು ಗಂಧದ ಸೋಪು ಇತ್ತಂತೆ. ಅದು ಟ್ರಂಕಿನಲ್ಲಿ, ನೆಂಟರಿಗೆ ಮಾತ್ರ. ಅಜ್ಜಿ ಆಗಾಗ ಟ್ರಂಕು ತೆಗೆದು ಅದನ್ನು ಮೂಸಿ ನೋಡಿ ಮತ್ತೆ ಮುಚ್ಚಿಡುತ್ತಿದ್ದರಂತೆ.

ಇಷ್ಟು ವರ್ಷ ಅಜ್ಜಿ ಇದನ್ನು ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ನನಗೆ ಈಗ ಹದಿನಾರು. ಆ ವಯಸ್ಸಿಗೆ ಅಜ್ಜಿಗೆ ಮದುವೆಯಾಗಿತ್ತು.

ಜರ್ಮನಿಯಲ್ಲೂ ಇದೇ ಕಥೆ ಎಂದು ಆಮೇಲೆ ತಿಳಿಯಿತು. 1907ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಪೆರ್ಸಿಲ್ ಪುಡಿಯನ್ನು ಮಾರಾಟಕ್ಕೆ ತಂದಾಗ ಅದು ‘ತಾನಾಗಿಯೇ ಒಗೆಯುತ್ತದೆ’ ಎಂದು ಜಾಹೀರಾತು ಮಾಡಿದ್ದರು. ಅದಕ್ಕೂ ಮುಂಚೆ ಹೆಂಗಸರು ಬಟ್ಟೆ ಕುದಿಸಿ, ಬಡಿದು, ಬೆಳ್ಳಗಾಗಲು ಹುಲ್ಲಿನ ಮೇಲೆ ಹರಡುತ್ತಿದ್ದರು. ‘ಬ್ಲೈಷ್‌ಸ್ಟ್ರಾಸೆ’ ಎಂಬ ಬೀದಿ ಇಲ್ಲಿ ಎಷ್ಟೋ ಊರುಗಳಲ್ಲಿದೆ. ಬಟ್ಟೆ ಬಿಳಿ ಮಾಡುವ ಬೀದಿ ಎಂದರ್ಥ. ಅಲ್ಲಿ ಮೊಣಕಾಲೂರಿ ಕೂತವರ ಹೆಸರು ಮಾತ್ರ ಯಾವ ಬೋರ್ಡಿನ ಮೇಲೂ ಇಲ್ಲ.

ಅಮ್ಮ ಕೊಂಡ ಅಂಟುವಾಳ ಏನಾಯಿತು ಎಂದು ಕೇಳಬಹುದು. ಅಜ್ಜಿ ಹೇಳಿಕೊಟ್ಟಂತೆ ಬೀಜ ತೆಗೆದು, ರಾತ್ರಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿದೆವು. ಅಮ್ಮನ ಮದುವೆಯ ರೇಷ್ಮೆ ಸೀರೆ ಹೊಳೆಯುವಂತಾಯಿತು. ನನ್ನ ಫುಟ್‌ಬಾಲ್ ಅಂಗಿಯ ಹುಲ್ಲಿನ ಕಲೆ ಹಾಗೇ ಉಳಿಯಿತು. ಅದನ್ನು ಮಷೀನಿಗೆ ಹಾಕಿ ಪೆರ್ಸಿಲ್ ಸುರಿದೆ.

ಡಿಸೆಂಬರಿನಲ್ಲಿ ಊರಿಗೆ ಹೋಗುತ್ತಿದ್ದೇವೆ. ಏನು ತರಲಿ ಎಂದು ಕೇಳಿದ್ದಕ್ಕೆ ಅಜ್ಜಿ, “ಆ ತಾನೇ ಒಗೆಯೋ ಪುಡಿ ಅಂದ್ಯಲ್ಲ, ಅದನ್ನೇ ಒಂದು ಡಬ್ಬಿ ತಗೊಂಡು ಬಾ” ಅಂದಿದ್ದಾರೆ.