ಹಲವು ವಾದ್ಯ, ಒಂದು ಬಾನಿ

1831ರಲ್ಲಿ ಆಂಗ್ಲರು ಮೈಸೂರಿನ ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಉಳಿದದ್ದು ಸಿಂಹಾಸನ ಮತ್ತು ಅರಮನೆ. ದಂಡು, ಕಂದಾಯ, ನ್ಯಾಯ ಯಾವುದೂ ಅವರ ಅಂಕೆಯಲ್ಲಿರಲಿಲ್ಲ. ಆ ದೊರೆ ತಮ್ಮ ಮುಂದಿನ ಆಯುಷ್ಯವನ್ನು ಕವಿಗಳಿಗೆ, ಚಿತ್ರಗಾರರಿಗೆ, ಗಾಯಕರಿಗೆ, ವೈಣಿಕರಿಗೆ ಮುಡಿಪಿಟ್ಟರು. ರಾಜ್ಯ ಕಳೆದುಕೊಂಡ ಅರಸನ ಆಸ್ಥಾನ ವಿದ್ಯೆಯಲ್ಲಿ ತುಂಬಿ ನಿಂತಿತು. 1855ರಲ್ಲಿ ತಂಜಾವೂರಿನ ಅರಸೊತ್ತಿಗೆ ಗಂಡು ಸಂತಾನವಿಲ್ಲದೆ ಕೊನೆಗೊಂಡಾಗ ಕಾವೇರಿಯ ಕೆಳದಂಡೆಯ ವಿದ್ವಾಂಸರಿಗೆ ಆಸರೆಯಾಗಿ ಕಂಡ ಸಂಸ್ಥಾನಗಳಲ್ಲಿ ಮೈಸೂರೂ ಒಂದು. ತ್ಯಾಗರಾಜರ ಶಿಷ್ಯರಾದ ವಾಲಾಜಾಪೇಟೆ ವೆಂಕಟರಮಣ ಭಾಗವತರಲ್ಲಿ ಪಾಠವಾಗಿದ್ದ ಸದಾಶಿವರಾಯರು ಮೈಸೂರಿನಲ್ಲಿ ನೆಲೆ ನಿಂತು ಆ ಪರಂಪರೆಯನ್ನು ಇಲ್ಲಿ ಬೇರೂರಿಸಿದರು.

ಅದೇ ಆಸ್ಥಾನದ ವೈಣಿಕರಾದ ಬಕ್ಷಿ ಚಿಕ್ಕರಾಮಪ್ಪನವರ ಮನೆಯಲ್ಲಿ 1852ರಲ್ಲಿ ಶೇಷಣ್ಣ ಹುಟ್ಟಿದರು. ಶಿವರಾತ್ರಿಯ ಸಭೆಯೊಂದರಲ್ಲಿ ಪರಸ್ಥಳದ ವಿದ್ವಾಂಸರೊಬ್ಬರು ಹಾಡಿದ ಪಲ್ಲವಿಗೆ ಹಿರಿಯರೇ ಉತ್ತರ ಕೊಡಲಾರದೆ ಕುಳಿತಾಗ, ಬಾಲಕ ಶೇಷಣ್ಣ ಅದನ್ನು ಹಾಗೆಯೇ ಹಾಡಿ ತೋರಿಸಿದರೆಂದೂ ಮುಮ್ಮಡಿಯವರು ಹುಡುಗನಿಗೆ ಮುತ್ತಿನ ಹಾರ ತೊಡಿಸಿದರೆಂದೂ ಮೈಸೂರಿನ ಸಂಗೀತದ ಮನೆಗಳಲ್ಲಿ ಇಂದಿಗೂ ಹೇಳುತ್ತಾರೆ. ಗಮನಿಸಬೇಕಾದದ್ದು ಹಾರವನ್ನಲ್ಲ. ವೀಣೆಯ ಮನೆಯ ಹುಡುಗ ಅಂದು ಗೆದ್ದದ್ದು ಕಂಠದಿಂದ.

ತಂದೆ ಬೇಗ ತೀರಿಕೊಂಡರು. ಮುಂದಿನ ಪಾಠ ಅಕ್ಕ ವೆಂಕಮ್ಮನವರಿಂದ ನಡೆಯಿತು. ಸ್ವತಃ ವೈಣಿಕರಾಗಿದ್ದ ಈ ಹೆಣ್ಣುಮಗಳು ತಮ್ಮನನ್ನು ಬೆಳಗಿನ ಜಾವ ಎಬ್ಬಿಸಿ ಸಾಧನೆಗೆ ಕೂರಿಸುತ್ತಿದ್ದರು. ಸಭೆಯಲ್ಲಿ ನುಡಿಸುವ ಅವಕಾಶ ಇಂಥ ಮನೆತನದ ಹೆಂಗಸರಿಗೆ ಇಲ್ಲದಿದ್ದ ಕಾಲದಲ್ಲಿ ಮೈಸೂರು ವೀಣೆಯ ಭವಿಷ್ಯ ಈಕೆಯ ಕೈಯಲ್ಲಿ ಉಳಿಯಿತು. ಚರಿತ್ರೆ ಬರೆದವರು ಇವರಿಗೆ ಕೊಟ್ಟಿರುವ ಒಂದೆರಡು ಸಾಲು ತೀರ ಕಡಿಮೆ. ಆಮೇಲೆ ವೀಣೆಗೆ ದೊಡ್ಡ ಶೇಷಣ್ಣನವರು, ಗಾಯನಕ್ಕೆ ಸದಾಶಿವರಾಯರು ಗುರುಗಳಾದರು.

ಒಬ್ಬನೇ ವಿದ್ವಾಂಸ ಹಲವು ವಾದ್ಯಗಳನ್ನು ಬಲ್ಲವನಾಗಿರುವುದು ಆ ಆಸ್ಥಾನದಲ್ಲಿ ವಿಶೇಷವೆನಿಸುತ್ತಿರಲಿಲ್ಲ. 1832ರಲ್ಲಿ ಹುಟ್ಟಿದ ವೀಣೆ ಶಾಮಣ್ಣನವರು ಹಾಡುಗಾರಿಕೆ, ವೀಣೆ, ಪಿಟೀಲು, ಸ್ವರಬತ್ ಎಂಬ ತಂತಿವಾದ್ಯ, ಘಟ ಎಲ್ಲವನ್ನೂ ಬಲ್ಲವರು. ಲಯದ ಮೇಲಿನ ಹಿಡಿತಕ್ಕಾಗಿ ಅವರನ್ನು ತಾಳಬ್ರಹ್ಮರೆಂದು ಕರೆದರು. ಶೇಷಣ್ಣನವರು ವೀಣೆಯ ಜೊತೆಗೆ ಪಿಟೀಲು, ಸ್ವರಬತ್, ಸಿತಾರ್, ಜಲತರಂಗ ನುಡಿಸಿದರು. ಪರದೇಶದ ಪಿಯಾನೊ ಅರಮನೆಗೆ ಬಂದಾಗ ಅದರ ಮುಂದೆಯೂ ಕುಳಿತು ನಮ್ಮ ರಾಗಗಳನ್ನು ನುಡಿಸಿದರು.

ಇದನ್ನು ಕೇಳಿದವರು ಚಮತ್ಕಾರವೆಂದುಕೊಂಡರೆ ಆ ಕಾಲಕ್ಕೆ ಅನ್ಯಾಯ ಮಾಡಿದಂತೆ. ಆಸ್ಥಾನ ವಿದ್ವಾಂಸನ ಕೆಲಸ ವರ್ಷಕ್ಕೆ ನಾಲ್ಕು ಕಚೇರಿ ಮಾಡಿ ಮುಗಿಯುವಂಥದಾಗಿರಲಿಲ್ಲ. ದಸರೆಯ ದರ್ಬಾರು, ದೊರೆಯ ಹುಟ್ಟುಹಬ್ಬ, ದೇವರ ಉತ್ಸವ, ಬಂದ ಅತಿಥಿಗಳ ಸತ್ಕಾರ, ರಾಜಮನೆತನದ ಮಕ್ಕಳ ಪಾಠ, ಎಲ್ಲ ಕಡೆಯೂ ಸಂಗೀತ ಬೇಕಿತ್ತು. ಹತ್ತನೆಯ ಚಾಮರಾಜ ಒಡೆಯರು ತಾವೇ ಪಿಟೀಲು ಹಿಡಿದು ವಿದ್ವಾಂಸರ ಜೊತೆ ಕೂರುತ್ತಿದ್ದ ದೊರೆ. 1881ರಲ್ಲಿ ರಾಜ್ಯಾಧಿಕಾರ ಮರಳಿ ಅವರ ಕೈ ಸೇರಿದ ಮೇಲೆ ಉತ್ತರದ ಸಂಗೀತಗಾರರೂ ಮೈಸೂರಿಗೆ ಬರತೊಡಗಿದರು. ಆಗ್ರಾ ಘರಾಣೆಯ ನತ್ಥನ್ ಖಾನ್, ಸಿತಾರಿನ ಬರ್ಕತುಲ್ಲಾ ಖಾನ್ ಇಲ್ಲಿಯ ಆಸ್ಥಾನದಲ್ಲಿದ್ದವರು. ಬೇರೆ ಪದ್ಧತಿಯವರೊಡನೆ ಒಂದೇ ಸೂರಿನಡಿ ಬಾಳುವಾಗ ಕಿವಿ ಮುಚ್ಚಿಕೊಂಡಿರಲು ಯಾವ ವಿದ್ವಾಂಸನಿಗೂ ಆಗುತ್ತಿರಲಿಲ್ಲ. ಉತ್ತರದ ರಾಗವಾದ ಝಂಝೂಟಿಯಲ್ಲಿ ಶೇಷಣ್ಣನವರು ರಚಿಸಿದ ತಿಲ್ಲಾನ ಇಂದಿಗೂ ಕಚೇರಿಗಳಲ್ಲಿ ಕೇಳಿಬರುತ್ತದೆ.

ಆದರೆ ಅವರು ಎಷ್ಟು ವಾದ್ಯ ಮುಟ್ಟಿದರೂ ಕೊನೆಗೆ ಕೂತದ್ದು ವೀಣೆಯ ಮುಂದೆ. ಸ್ವರಬತ್ತಿನ ಬಿಡಿಬಿಡಿಯಾದ ಮೀಟು, ಜಲತರಂಗದ ಒಂಟಿ ನಾದದ ನಿಖರತೆ, ಪಿಟೀಲಿನ ಎಡೆಬಿಡದ ಎಳೆ, ಇವುಗಳ ತಿಳಿವಳಿಕೆ ಅವರ ವೀಣೆಯೊಳಗೆ ಇಳಿದಿರಬೇಕೆಂಬುದು ನನ್ನ ನಂಬಿಕೆ. ಮೈಸೂರು ಬಾನಿಯೆಂದು ಇಂದು ನಾವು ಗುರುತಿಸುವುದರಲ್ಲಿ ಉಗುರಿನ ಮೀಟು ಸ್ಪಷ್ಟ, ಪ್ರತಿ ಸ್ವರಕ್ಕೂ ತನ್ನದೇ ಮೈ, ವೇಗದಲ್ಲಿಯೂ ಗೊಂದಲವಿಲ್ಲ. ತಾನಕ್ಕೆ ಅಲ್ಲಿ ರಾಜಮರ್ಯಾದೆ. ಹಾಡುಗಾರಿಕೆಯನ್ನು ತಂತಿಯ ಮೇಲೆ ಹಾಗೆಯೇ ಹರಡಲು ಹೊರಟ ದಕ್ಷಿಣದ ಬಾನಿಗಳಿಗಿಂತ ಇದು ಬೇರೆ: ವಾದ್ಯ ವಾದ್ಯವಾಗಿಯೇ ಮಾತನಾಡುತ್ತದೆ. ಇತರ ವಾದ್ಯಗಳನ್ನು ಕೈಯಾರೆ ಬಲ್ಲವನಿಗಷ್ಟೇ ತನ್ನ ವಾದ್ಯ ಏನನ್ನು ಮಾಡಬೇಕು, ಏನನ್ನು ಮಾಡಬಾರದು ಎಂಬುದು ಇಷ್ಟು ನಿಚ್ಚಳವಾಗಿ ಗೊತ್ತಾಗುತ್ತದೆ.

ಬರೋಡದ ಗಾಯಕವಾಡರು ಅವರನ್ನು ಪಲ್ಲಕ್ಕಿಯಲ್ಲಿ ಕೂರಿಸಿ ಮೆರೆಸಿದರಂತೆ. ಮೈಸೂರಿನಲ್ಲಿಯೂ ಅದೇ ಗೌರವ ಸಲ್ಲಿಸಲು ದೊರೆಗಳು ಪಲ್ಲಕ್ಕಿ ಕಳುಹಿಸಿದಾಗ ಶೇಷಣ್ಣನವರು ಅದರಲ್ಲಿ ವೀಣೆಯನ್ನಿರಿಸಿ ತಾವು ನಡೆದೇ ಬಂದರೆಂದು ಹಿರಿಯರು ಹೇಳಿಕೊಂಡು ಬಂದಿದ್ದಾರೆ. ದೊಡ್ಡ ಶೇಷಣ್ಣನವರ ಮನೆಯ ಕುಡಿ, ಕೊಡುಗೈ ದೊರೆಯೆನಿಸಿದ್ದ ವೀಣೆ ಸುಬ್ಬಣ್ಣನವರು ಇವರ ಸಮಕಾಲೀನರು. ಇಬ್ಬರೂ ಜೊತೆಯಾಗಿ ನುಡಿಸುವಾಗ ಒಬ್ಬರನ್ನೊಬ್ಬರು ಮೀರಿಸುವ ಛಲಕ್ಕಿಂತ ಒಬ್ಬರಿಗೊಬ್ಬರು ಎಡೆಗೊಡುವ ದೊಡ್ಡತನವೇ ಹೆಚ್ಚಾಗಿತ್ತು. 1902ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರು ಅಧಿಕಾರ ವಹಿಸಿಕೊಂಡ ವರ್ಷ, ಶೇಷಣ್ಣನವರಿಗೆ 'ವೈಣಿಕ ಶಿಖಾಮಣಿ' ಬಿರುದು ಸಂದಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಗಾಂಧೀಜಿಯವರ ಮುಂದೆ ಅವರು ವೀಣೆ ನುಡಿಸಿದರು. ಎರಡು ವರ್ಷದ ಬಳಿಕ, 1926ರ ಜುಲೈಯಲ್ಲಿ, ಕಣ್ಮುಚ್ಚಿದರು.

ನಾಲ್ವಡಿಯವರ ಕಾಲಕ್ಕೆ ಆಸ್ಥಾನದ ನಾದ ಇನ್ನಷ್ಟು ವಿಸ್ತಾರವಾಯಿತು. ದೊರೆಗಳು ತಾವೇ ಪಿಟೀಲು, ಕೊಳಲು, ಪಿಯಾನೊ ಮುಂತಾದ ಹಲವು ವಾದ್ಯಗಳನ್ನು ನುಡಿಸುತ್ತಿದ್ದರು. ಅರಮನೆಯಲ್ಲಿ ಕರ್ನಾಟಕ ಬ್ಯಾಂಡೂ ಇತ್ತು, ಪಾಶ್ಚಾತ್ಯ ಬ್ಯಾಂಡೂ ಇತ್ತು. ಜರ್ಮನಿಯ ಆಟ್ಟೊ ಶ್ಮಿಟ್ ಪಾಶ್ಚಾತ್ಯ ಬ್ಯಾಂಡಿನ ನಿರ್ದೇಶಕರಾಗಿದ್ದರು. ಶೇಷಣ್ಣನವರ ಶಿಷ್ಯ ವೀಣೆ ವೆಂಕಟಗಿರಿಯಪ್ಪನವರು ಕಚೇರಿಯ ವೈಣಿಕರಾಗಿದ್ದುಕೊಂಡೇ ವಾದ್ಯವೃಂದಕ್ಕೂ ಕೈ ಹಚ್ಚಿ 'ನಗ್ಮಾ' ಎಂಬ ಹೊಸ ಬಗೆಯ ವಾದ್ಯರಚನೆಗಳನ್ನು ಮಾಡಿದರು. ಗುರು ವಾದ್ಯದಿಂದ ವಾದ್ಯಕ್ಕೆ ದಾಟಿದ್ದರೆ ಶಿಷ್ಯ ಪದ್ಧತಿಯಿಂದ ಪದ್ಧತಿಗೆ ದಾಟಿದರು. ಹಾರಿಕೇಶನಲ್ಲೂರು ಮುತ್ತಯ್ಯ ಭಾಗವತರು ಇದೇ ಕಾಲದಲ್ಲಿ ಮೈಸೂರಿಗೆ ಬಂದವರು. ಹರಿಕಥೆಯಲ್ಲಿ ಹೆಸರಾಗಿ, ಮೃದಂಗ ಮತ್ತು ಗೋಟುವಾದ್ಯ ಬಲ್ಲವರಾಗಿದ್ದ ಅವರು ದೊರೆಯ ಇಚ್ಛೆಯಂತೆ ಚಾಮುಂಡಾಂಬಾ ಅಷ್ಟೋತ್ತರದ 108 ಕೃತಿಗಳನ್ನು ಕನ್ನಡದಲ್ಲಿ ರಚಿಸಿದರು. ಹಿಂದೂಸ್ತಾನಿ ಗಾಯಕಿ ಗೌಹರ್ ಜಾನ್ 1928ರಲ್ಲಿ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು.

ಉಡುಪಿ ಸೀಮೆಯ ನಂದಳಿಕೆಯಿಂದ ಬಂದ ಬಿಡಾರಂ ಕೃಷ್ಣಪ್ಪನವರು ದಾಸರ ಪದಗಳನ್ನು ಕಚೇರಿಯ ವೇದಿಕೆಗೆ ಗೌರವದಿಂದ ತಂದವರು. ಮೈಸೂರಿನಲ್ಲಿ ಅವರು ಕಟ್ಟಿಸಿದ ರಾಮಮಂದಿರ ಸಂಗೀತೋತ್ಸವಗಳಿಗೆ ಹೆಸರಾಯಿತು. ಅವರ ಶಿಷ್ಯ, ತಿರುಮಕೂಡಲಿನ ಚೌಡಯ್ಯನವರು 1927ರಲ್ಲಿ ಪಿಟೀಲಿಗೆ ಏಳು ತಂತಿ ಕಟ್ಟಿದರು. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ನಾದ ತಲುಪಬೇಕಿತ್ತು. ಅದಕ್ಕೆ ಅವರು ಕಂಡುಕೊಂಡ ಉತ್ತರ ಇದು. ಪರಂಪರೆಯ ಮನೆಯಲ್ಲಿ ಬೆಳೆದವರೇ ವಾದ್ಯವನ್ನು ಬದಲಿಸುವ ಧೈರ್ಯ ಮಾಡಿದರೆಂಬುದು ಆ ಕಾಲದ ಆರೋಗ್ಯವನ್ನು ಹೇಳುತ್ತದೆ.

ಈ ತಲೆಮಾರನ್ನೆಲ್ಲ ಕಣ್ಣಾರೆ ಕಂಡು ಬರೆದಿಟ್ಟವರು ಮೈಸೂರು ವಾಸುದೇವಾಚಾರ್ಯರು. 1865ರಲ್ಲಿ ಹುಟ್ಟಿದ ಅವರು ಸಂಸ್ಕೃತ ಪಾಠಶಾಲೆಯಲ್ಲಿ ಕಾವ್ಯ, ವ್ಯಾಕರಣ, ತರ್ಕ ಓದುತ್ತ ವೀಣೆ ಪದ್ಮನಾಭಯ್ಯನವರಲ್ಲಿ ಸಂಗೀತ ಕಲಿತರು. ಚಾಮರಾಜ ಒಡೆಯರು ಅವರನ್ನು ತಿರುವೈಯಾರಿಗೆ, ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿಗೆ ಕಳುಹಿಸಿದರು. ಗಾಯಕರು, ತೆಲುಗು ಮತ್ತು ಸಂಸ್ಕೃತದಲ್ಲಿ ವಾಗ್ಗೇಯಕಾರರು, ಕನ್ನಡದಲ್ಲಿ ಗದ್ಯ ಲೇಖಕರು, ಮೂರೂ ಆದರು. 'ನಾ ಕಂಡ ಕಲಾವಿದರು' ಪುಸ್ತಕವಿಲ್ಲದಿದ್ದರೆ ಆ ಸಭೆಗಳ ಜೀವಂತ ಮುಖಗಳು ನಮಗೆ ದಕ್ಕುತ್ತಿರಲಿಲ್ಲ. ಸಹವಿದ್ವಾಂಸರ ಬಗ್ಗೆ ಬರೆಯುವಾಗ ಅವರ ಲೇಖನಿಯಲ್ಲಿ ಮತ್ಸರದ ಎಳೆಯೂ ಕಾಣದು.

ರಾಜ್ಯಗಳು ಕರಗಿ ಆಸ್ಥಾನಗಳು ಮುಗಿದ ಮೇಲೆಯೂ ಆಚಾರ್ಯರ ಕೆಲಸ ಮುಗಿಯಲಿಲ್ಲ. ನರ್ತಕಿ ರುಕ್ಮಿಣೀದೇವಿಯವರ ಆಹ್ವಾನದಂತೆ ಮದರಾಸಿನಲ್ಲಿದ್ದ ಅವರ ನೃತ್ಯಶಾಲೆ ಕಲಾಕ್ಷೇತ್ರಕ್ಕೆ ಹೋಗಿ, ತೊಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ವಾಲ್ಮೀಕಿ ರಾಮಾಯಣದ ನೃತ್ಯರೂಪಕಗಳಿಗೆ ಸಂಗೀತ ಕೂಡಿಸಲು ಕುಳಿತರು. ಕಚೇರಿಯ ಕೃತಿಗಳನ್ನು ಕಟ್ಟಿದ ಕೈಗೆ ನರ್ತಕಿಯರ ಹೆಜ್ಜೆ, ಪಾತ್ರಗಳ ಮಾತು, ಸನ್ನಿವೇಶದಿಂದ ಸನ್ನಿವೇಶಕ್ಕೆ ಬದಲಾಗುವ ರಸ ಬೇರೆಯದೇ ಕಟ್ಟು ಕೇಳುತ್ತಿದ್ದವು. 1959ರಲ್ಲಿ ಪದ್ಮಭೂಷಣ ಬಂದಾಗಲೂ ಅವರು ಈ ಕೆಲಸದಲ್ಲಿದ್ದರು. 1961ರ ಮೇ ತಿಂಗಳಲ್ಲಿ ಅವರು ತೀರಿಕೊಂಡಾಗ ರಾಮಾಯಣ ಇನ್ನೂ ಪೂರ್ತಿಯಾಗಿರಲಿಲ್ಲ; ಉಳಿದ ಭಾಗಕ್ಕೆ ಮೊಮ್ಮಗ ಎಸ್. ರಾಜಾರಾಮ್ ಸಂಗೀತ ಕೂಡಿಸಿದರು.