ಇಲ್ಕ್ಲಿಯ ಶೀತಸ್ನಾನಗೃಹ

ಇಂಗ್ಲೆಂಡಿನ ಯಾರ್ಕ್‌ಷೈರ್ ಸೀಮೆಯಲ್ಲಿ ಇಲ್ಕ್ಲಿ ಎಂಬ ಊರುಂಟು. ಅದರ ದಕ್ಷಿಣದ ಬೋಳುಗುಡ್ಡದ ಅಂಚಿನಲ್ಲಿ ಸುಣ್ಣ ಬಳಿದ ಚಿಕ್ಕದೊಂದು ಕಟ್ಟಡವೂ ಅದರೊಳಗೆ ಬುಗ್ಗೆಯ ನೀರು ತುಂಬುವ ಕಲ್ಲಿನ ಕೊಳವೂ ಉಳಿದಿವೆ. ವೈಟ್ ವೆಲ್ಸ್ ಎಂಬ ಈ ಸ್ನಾನಗೃಹವು 18ನೆಯ ಶತಮಾನದ್ದು. ಇಲ್ಲಿಯ ನೀರಿನಲ್ಲಿ ಗಂಧಕವಾಗಲಿ ಕಬ್ಬಿಣವಾಗಲಿ ವಿಶೇಷವಾಗಿಲ್ಲ. ನೈರ್ಮಲ್ಯ, ಶೈತ್ಯಗಳೇ ಅದರ ಖ್ಯಾತಿಗೆ ಕಾರಣಗಳು.

ತಣ್ಣೀರೇ ಔಷಧವೆಂಬ ಭಾವನೆಗೆ ಆ ಕಾಲದಲ್ಲಿ ಶಾಸ್ತ್ರದ ಬೆಂಬಲವಿದ್ದಿತು. ಲಿಚ್‌ಫೀಲ್ಡಿನ ವೈದ್ಯ ಸರ್ ಜಾನ್ ಫ್ಲಾಯರನು 1697ರಲ್ಲಿ ಸ್ನಾನಗಳ ಗುಣದೋಷಗಳನ್ನು ಕುರಿತು ಗ್ರಂಥವನ್ನು ಪ್ರಕಟಿಸಿದನು. ಶಿಶುಗಳನ್ನು ನೀರಿನಲ್ಲಿ ಪೂರ್ಣವಾಗಿ ಮುಳುಗಿಸುವ ದೀಕ್ಷಾಸ್ನಾನವು ತಪ್ಪಿದುದರಿಂದಲೇ ಎಲುಬು ಬಾಗುವ ರೋಗವು ಹೆಚ್ಚಿತೆಂದು ಆತನ ವಾದ. ಆ ರೋಗಕ್ಕೆ ಡಿ ಜೀವಸತ್ವದ ಕೊರತೆಯೇ ಮುಖ್ಯ ಕಾರಣವೆಂಬುದು 20ನೆಯ ಶತಮಾನದಲ್ಲಿ ಸಿದ್ಧವಾಯಿತು.

ಮುಂದಿನ ಪ್ರೇರಣೆಯು ಆಸ್ಟ್ರಿಯದ ಸೈಲೀಸಿಯದಿಂದ ಬಂದಿತು. ಅಲ್ಲಿಯ ಗ್ರೇಫೆನ್‌ಬರ್ಗಿನಲ್ಲಿ ವಿನ್ಸೆಂಟ್ ಪ್ರೀಸ್ನಿಟ್ಸ್ (1799–1851) ಎಂಬ ರೈತನು ಒದ್ದೆಬಟ್ಟೆಯ ಸುತ್ತು, ಧಾರಾಸ್ನಾನ, ನಡಿಗೆಗಳಿಂದ ಚಿಕಿತ್ಸೆ ಮಾಡುತ್ತಿದ್ದನು. ಅದನ್ನು ಅಲ್ಲಿಯೇ ಅನುಭವಿಸಿ ಮರಳಿದ ಲೀಡ್ಸಿನ ವರ್ತಕ ಹೇಮರ್ ಸ್ಟ್ಯಾನ್ಸ್‌ಫೆಲ್ಡನ ಪ್ರಯತ್ನದಿಂದ 1844ರಲ್ಲಿ ಇಲ್ಕ್ಲಿಯ ಸಮೀಪದಲ್ಲಿ ಬೆನ್ ರೈಡಿಂಗ್ ಎಂಬ ಭವ್ಯವಾದ ಜಲಚಿಕಿತ್ಸಾಲಯವು ತೆರೆಯಿತು. 1856ರಲ್ಲಿ ವೈಟ್ ವೆಲ್ಸಿನ ಕೆಳಗಡೆ ವೆಲ್ಸ್ ಹೌಸ್ ಎಂಬ ಮತ್ತೊಂದು ತಲೆಯೆತ್ತಿತು.

ಇಂಥ ಸ್ಥಳಗಳಿಗೆ ಬಂದವರೆಲ್ಲರೂ ವಿಲಾಸಿಗಳಾಗಿರಲಿಲ್ಲ. ಚಾರ್ಲ್ಸ್ ಡಾರ್ವಿನ್ನನು ಬಹುಕಾಲದ ಅಸ್ವಸ್ಥತೆಗಾಗಿ 1849ರಲ್ಲಿ ಮಾಲ್ವರ್ನಿನಲ್ಲಿ ಜಲಚಿಕಿತ್ಸೆಯನ್ನು ಪಡೆದು ಗುಣ ಕಂಡಿದ್ದನು. ಆ ನಂಬಿಕೆಯಿಂದಲೇ 1851ರಲ್ಲಿ ತನ್ನ ಹತ್ತು ವರ್ಷದ ಮಗಳು ಆ್ಯನಿಯನ್ನು ಅಲ್ಲಿಗೆ ಕರೆದೊಯ್ದನು. ಬಾಲಕಿ ಉಳಿಯಲಿಲ್ಲ, ಆಕೆಯ ಸಮಾಧಿ ಅಲ್ಲಿಯೇ ಇದೆ. ಹೀಗಿದ್ದರೂ 1859ರ ಶರತ್ಕಾಲದಲ್ಲಿ ಆತನು ಪುನಃ ನೀರನ್ನೇ ನಂಬಿ ಇಲ್ಕ್ಲಿಗೆ ಬಂದನು. ಜೀವಜಾತಿಗಳ ಉಗಮವನ್ನು ಕುರಿತ ಆತನ ಗ್ರಂಥವು ನವೆಂಬರ್ 24ರಂದು ಹೊರಬಿದ್ದಾಗ ಗ್ರಂಥಕರ್ತನು ಇಲ್ಲಿ ರೋಗಿಯಾಗಿದ್ದನು.

ಬೆನ್ ರೈಡಿಂಗಿನ ಸೌಧವನ್ನು 1955ರಲ್ಲಿ ಕೆಡವಲಾಯಿತು. ವೆಲ್ಸ್ ಹೌಸ್ ಉಳಿದರೂ ಚಿಕಿತ್ಸಾಲಯವಾಗಿ ಉಳಿಯಲಿಲ್ಲ. ಬುಗ್ಗೆಯ ಬಳಿಯ ಪುಟ್ಟ ಕೊಳವು ಮಾತ್ರ ಮೊದಲಿನಂತೆ ನೀರನ್ನು ಹಿಡಿದಿದೆ. ಕಟ್ಟಡದ ಗಾತ್ರದಿಂದ ಮಹತ್ತ್ವವನ್ನು ಅಳೆಯುವವರು ಇಂಥ ಅವಶೇಷಗಳನ್ನು ಅಲಕ್ಷಿಸುವುದುಂಟು. ಆದರೆ ಔಷಧಗಳು ನಿಷ್ಫಲವಾದ ಕಾಲದಲ್ಲಿ ರೋಗಾರ್ತರು ಯಾವುದನ್ನು ಆಶ್ರಯಿಸಿದರೆಂಬುದಕ್ಕೆ, ಅವರ ಶಾಸ್ತ್ರವು ಸುಳ್ಳಾದ ಮೇಲೂ, ಈ ಕೊಳವು ನಿಜವಾದ ಸಾಕ್ಷಿಯಾಗಿದೆ.